ಪಾರ್ಕು ರಸ್ತೆಗಿಂತ ತಗ್ಗಿರಲಿ

ಶಿವಮೊಗ್ಗದಲ್ಲಿ ಮಳೆ ಎಷ್ಟಾಯ್ತು ಅಂತ ತಿಳಿಯೋಕೆ ಯಾರೂ ಮಳೆಮಾಪಕ ನೋಡಲ್ಲ. ಕೋರ್ಪಲಯ್ಯನ ಛತ್ರದ ಬಳಿ ಹೊಳೆಯಲ್ಲಿರುವ ಮಂಟಪ ಮುಳುಗಿತಾ ಅಂತ ಕೇಳ್ತಾರೆ. ಮುಳುಗಿದರೆ ತುಂಗೆ ತುಂಬಿದಳು ಅಂತ ಲೆಕ್ಕ. ಭದ್ರಾವತಿಯವರಿಗೆ ಹೊಸ ಸೇತುವೆಯೇ ಅಳತೆಗೋಲು. ಲಕ್ಕವಳ್ಳಿ ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟಾಗ ಹೊಸದು ಮುಳುಗುತ್ತೆ, ಹಳೇದು ನಿಲ್ಲುತ್ತೆ!

ಹೊಳೆಯನ್ನು ಹೀಗೆ ಕಣ್ಣಲ್ಲಿ ಕಣ್ಣಿಟ್ಟು ಕಾಯುವ ನಾವು, ಊರೊಳಗೆ ಬೀಳುವ ಮಳೆಯನ್ನು ಮಾತ್ರ ಮರೆತಿದ್ದೇವೆ ಅಂತ ನನಗನ್ನಿಸುತ್ತೆ. ಹಿಂದಿನವರು ಮರೆತಿರಲಿಲ್ಲ. ಪಕ್ಕದ ಸಾಗರವನ್ನೇ ನೋಡಿ. ಕೆಳದಿಯ ಸದಾಶಿವ ನಾಯಕನ ಹೆಸರಿನ ಸದಾಶಿವಸಾಗರ, ಅಂದರೆ ಈಗಿನ ಗಣಪತಿ ಕೆರೆ, ಊರಿಗೇ ಹೆಸರು ಕೊಟ್ಟಿತು. ನಮ್ಮ ಸೀಮೆಯಲ್ಲಿ ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಹೋಗುತ್ತಿತ್ತು. ಮಳೆಗೆ ನಿಲ್ಲೋಕೆ ಒಂದು ಜಾಗ ಅಂತ ಇತ್ತು.

ಆಮೇಲೆ ಊರು ಬೆಳೆಯಿತು. 1918ರಲ್ಲಿ ಬೆಂಕಿಪುರದಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾಗಿ, 1923ರಲ್ಲಿ ಕಬ್ಬಿಣ ಬಂತು. ಬೆಂಕಿಪುರ ಭದ್ರಾವತಿಯಾಯಿತು. ಕಾರ್ಖಾನೆಯ ಕ್ವಾರ್ಟರ್ಸ್‌ಗಳಿಗೆ ಅಂಗಳವಿತ್ತು, ಮರಗಳಿದ್ದವು. ಬಿದ್ದ ಮಳೆ ಅಲ್ಲೇ ಒಂದಿಷ್ಟು ಇಂಗುತ್ತಿತ್ತು. ಈಗಿನ ಸೈಟುಗಳಲ್ಲಿ ಅಂಗಳವೆಂದರೆ ಟೈಲ್ಸು. 2016ರಲ್ಲಿ ಶಿವಮೊಗ್ಗ ಸ್ಮಾರ್ಟ್ ಸಿಟಿ ಪಟ್ಟಿ ಸೇರಿದ ಮೇಲೆ ಫುಟ್‌ಪಾತು, ಕನ್ಸರ್ವೆನ್ಸಿಗಳಿಗೂ ಹೊಸ ಹೊದಿಕೆ ಬಂತು. ನೋಡೋಕೆ ಚೆಂದ, ನೀರಿಗೆ ಮಾತ್ರ ದಾರಿಯಿಲ್ಲ.

2019ರ ಆಗಸ್ಟ್‌ನಲ್ಲಿ ಕುಂಬಾರಗುಂಡಿ, ಸೀಗೆಹಟ್ಟಿ, ವಿದ್ಯಾನಗರಗಳ ಮನೆಗಳಿಗೆ ನೀರು ನುಗ್ಗಿದ್ದು ನಿಮಗೆ ನೆನಪಿರಬಹುದು. ಹೊಳೆ ತುಂಬಿದಾಗ ಚರಂಡಿ ನೀರು ಹೊಳೆಗೆ ಇಳಿಯೋದಿಲ್ಲ, ತಿರುಗಿ ಊರಿಗೇ ಬರುತ್ತೆ. ಚರಂಡಿ ಎಷ್ಟು ಅಗಲ ಮಾಡಿದರೂ ಅಷ್ಟೇ. ಆ ಕೆಲವು ಗಂಟೆ ನೀರನ್ನು ಮೇಲೆಯೇ ತಡೆದು ನಿಲ್ಲಿಸಬೇಕು.

ಎಲ್ಲಿ? ಊರೊಳಗೆ ಉಳಿದಿರೋ ಖಾಲಿ ನೆಲ ಅಂದರೆ ಪಾರ್ಕುಗಳೇ. ಗಾಂಧಿ ಪಾರ್ಕ್ ಇದೆ, ಹಳೇ ಜೈಲಿನ ಜಾಗದ ಫ್ರೀಡಂ ಪಾರ್ಕ್ ಇದೆ, ಬಡಾವಣೆಗೊಂದು ಚಿಕ್ಕ ಪಾರ್ಕಿದೆ. ಆದರೆ ನಾನು ನೋಡಿದ ಬಡಾವಣೆ ಪಾರ್ಕುಗಳಲ್ಲಿ ಹೆಚ್ಚಿನವು ಮಣ್ಣು ತುಂಬಿಸಿ, ಕಟ್ಟೆ ಕಟ್ಟಿ, ರಸ್ತೆಗಿಂತ ಎತ್ತರದಲ್ಲಿವೆ. ರಸ್ತೆ ನೀರು ಒಳಗೆ ಬರೋದಿರಲಿ, ಪಾರ್ಕಿನ ನೀರೇ ರಸ್ತೆಗೆ ಬರುತ್ತೆ.

ಲೆಕ್ಕ ಸುಲಭ. ಒಂದು ಎಕರೆ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 1 ಲಕ್ಷ ಲೀಟರ್. ಒಂದು ಎಕರೆ ಹುಲ್ಲುಹಾಸನ್ನು ಒಂದು ಅಡಿ ತಗ್ಗಿಸಿದರೆ ಸುಮಾರು 12 ಲಕ್ಷ ಲೀಟರ್ ಹಿಡಿಯುತ್ತೆ. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರ 2011ರ ಜುಲೈ 2ರ ಮಹಾಮಳೆಯಲ್ಲಿ ಮುಳುಗಿದ ಮೇಲೆ ಇದನ್ನೇ ಮಾಡಿತು. ಅಲ್ಲಿನ ಎಂಗ್‌ಹೇವ್ ಪಾರ್ಕನ್ನು ಮಳೆನೀರು ಹಿಡಿಯುವ ಹಾಗೆ ಮತ್ತೆ ಕಟ್ಟಿದರು. ಮಳೆಯಿಲ್ಲದ ದಿನ ಮಕ್ಕಳು ಅಲ್ಲೇ ಆಡ್ತಾರೆ.

ಸೊಳ್ಳೆ ಆಗಲ್ವಾ ಅಂತ ನೀವು ಕೇಳಬಹುದು. ನೀರು ಒಂದೆರಡು ದಿನದಲ್ಲಿ ಇಂಗಿ ಹೋದರೆ ಆಗಲ್ಲ, ಮೊಟ್ಟೆ ಸೊಳ್ಳೆಯಾಗೋಕೆ ವಾರ ಬೇಕು. ಅದಕ್ಕೇ ತಳದಲ್ಲಿ ಜಲ್ಲಿ, ಮರಳು, ಮೇಲೆ ನೀರು ತಡೆಯುವ ಗಿಡ ಬೇಕು, ವರ್ಷಕ್ಕೊಮ್ಮೆ ಹೂಳೂ ತೆಗೀಬೇಕು. ಡ್ಯಾಮಿನಿಂದ ಬರೋ ನೆರೆಯನ್ನು ಪಾರ್ಕು ತಡೆಯಲ್ಲ, ಆ ಆಸೆ ಬೇಡ. ನಮ್ಮದೇ ಛಾವಣಿ, ನಮ್ಮದೇ ರಸ್ತೆಯ ನೀರು ಕುಂಬಾರಗುಂಡಿಯವರ ಮನೆಗೆ ನುಗ್ಗದ ಹಾಗೆ ಮಾಡಬಹುದು.

ಇದು ಹೊಸ ವಿದ್ಯೆಯೇನಲ್ಲ. ನಮ್ಮ ಹಿರಿಯರು ಇದಕ್ಕೆ ಕೆರೆ ಅಂತಿದ್ದರು. ನಿಮ್ಮ ಬೀದಿಯ ಪಾರ್ಕಿಗೆ ಮುಂದಿನ ಸಲ ಮಣ್ಣು ಹೇರಿದ ಲಾರಿ ಬಂದಾಗ, ತುಂಬೋ ಬದಲು ತೆಗೀರಿ ಅಂತ ಹೇಳಿ ನೋಡಿ.