ಬಂಧನಕ್ಕೇ ಮುಗಿಯುವ ಕಥೆ: ‘ಡೆಲ್ಲಿ ಕ್ರೈಂ’ ಸರಣಿಯಲ್ಲಿ ನ್ಯಾಯಾಲಯದ ಗೈರುಹಾಜರಿ

2012ರ ಡಿಸೆಂಬರ್ 16ರ ರಾತ್ರಿ ದೆಹಲಿಯ ಬಸ್ಸಿನಲ್ಲಿ ನಡೆದ ಸಾಮೂಹಿಕ ಅತ್ಯಾಚಾರದ ತನಿಖೆಯೇ, 2019ರ ಮಾರ್ಚ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ಡೆಲ್ಲಿ ಕ್ರೈಂ’ ಮೊದಲ ಸರಣಿಯ ವಸ್ತು. ಕೃತ್ಯವನ್ನು ತೆರೆಗೆ ತರದ ನಿರ್ದೇಶಕ ರಿಚಿ ಮೆಹ್ತಾ ಅವರ ಸಂಯಮಕ್ಕೆ ಮೆಚ್ಚುಗೆ ಸಲ್ಲಲೇಬೇಕು. ನನ್ನ ತಕರಾರು ಬೇರೆ: ಆರೋಪಿಗಳು ಸಿಕ್ಕಿದಲ್ಲಿಗೆ ಏಳು ಕಂತುಗಳ ಕಥೆ ದಡ ಮುಟ್ಟುತ್ತದೆ, ಬಂಧನವೇ ನ್ಯಾಯವೆನಿಸಿಬಿಡುತ್ತದೆ.

ಸರಣಿಯ ಅತಿ ಬಿಗುವಿನ ದೃಶ್ಯವನ್ನೇ ನೋಡಿ. ಮುಖ್ಯ ಆರೋಪಿ ಜೈ ಸಿಂಗ್ ಪಶ್ಚಾತ್ತಾಪದ ಸುಳಿವಿಲ್ಲದೆ ಪೊಲೀಸರೆದುರು ಎಲ್ಲವನ್ನೂ ಒಪ್ಪಿಕೊಳ್ಳುತ್ತಾನೆ. ನೋಡುಗರಿಗೆ ಅಲ್ಲಿಗೆ ಸಂಶಯ ತೀರಿತು. ಆದರೆ ಆಗ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಮಿನಂತೆ, ಪೊಲೀಸ್ ಅಧಿಕಾರಿಗೆ ನೀಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತು ಮಾಡುವಂತಿಲ್ಲ. ಆ ಮಾತಿನಿಂದ ವಸ್ತುವೊಂದು ಪತ್ತೆಯಾದರೆ, 27ನೇ ಕಲಮಿನಡಿ, ಅಷ್ಟು ಭಾಗಕ್ಕೆ ಮಾತ್ರ ಬೆಲೆ. ಕಾನೂನು ಕಿವಿಗೊಡದ ಮಾತಿನ ಮೇಲೆಯೇ ನಾಟಕ ನಿಂತಿದೆ.

ಕೋರ್ಟಿನಲ್ಲಿ ನಿಂತ ಸಾಕ್ಷ್ಯ ಬೇರೆಯೇ. ಸಂತ್ರಸ್ತೆಯ ಮರಣಪೂರ್ವ ಹೇಳಿಕೆಗಳು ಮೂರು. ಕೊನೆಯದನ್ನು ಮ್ಯಾಜಿಸ್ಟ್ರೇಟರ ಮುಂದೆ ಸನ್ನೆಗಳಲ್ಲಿ, ಬರಹದಲ್ಲಿ ಕೊಟ್ಟದ್ದು. ಜೊತೆಗೆ ಡಿಎನ್‌ಎ ವರದಿ. ಮೈಮೇಲಿನ ಕಚ್ಚಿದ ಗುರುತುಗಳ ಫೋಟೋಗಳನ್ನು ಆರೋಪಿಗಳ ಹಲ್ಲಿನ ಅಚ್ಚುಗಳೊಡನೆ ಹೋಲಿಸಿ ಅಭಿಪ್ರಾಯ ಕೊಟ್ಟವರು ನಮ್ಮ ಧಾರವಾಡದ ಎಸ್‌ಡಿಎಂ ದಂತವೈದ್ಯಕೀಯ ಕಾಲೇಜಿನ ತಜ್ಞರು. ನಿಧಾನದ, ಕಣ್ಣಿಗೆ ರಂಜಿಸದ ಈ ಕೆಲಸ ಪಾಟೀಸವಾಲನ್ನು ತಾಳಿಕೊಂಡಿತು. 2017ರ ಮೇ 5ರಂದು ಸುಪ್ರೀಂ ಕೋರ್ಟ್ ನಾಲ್ವರ ಮರಣದಂಡನೆಯನ್ನು ಎತ್ತಿಹಿಡಿಯಿತು.

ಅದಕ್ಕೂ ಮುನ್ನ ಒಂದು ತಿರುವಿತ್ತು. ನ್ಯಾಯಾಲಯದ ಸಹಾಯಕ್ಕೆ ನೇಮಕಗೊಂಡ ಹಿರಿಯ ವಕೀಲ ರಾಜು ರಾಮಚಂದ್ರನ್, ಶಿಕ್ಷೆ ವಿಧಿಸುವಾಗ ಒಬ್ಬೊಬ್ಬ ಅಪರಾಧಿಯ ಹಿನ್ನೆಲೆಯನ್ನೂ ಪ್ರತ್ಯೇಕವಾಗಿ ತೂಗಿಲ್ಲವೆಂದು ತೋರಿಸಿದರು. ಪೀಠ ಅದನ್ನು ತಳ್ಳಿಹಾಕದೆ ಪ್ರಮಾಣಪತ್ರ ಸಲ್ಲಿಸಲು ಅವಕಾಶ ಕೊಟ್ಟಿತು. ಇಡೀ ದೇಶ ನೇಣು ಕೇಳುತ್ತಿದ್ದಾಗ ಅಪರಾಧಿಯ ಪರ ಎದ್ದು ನಿಲ್ಲುವುದಕ್ಕಿಂತ ದೊಡ್ಡ ನಾಟಕ ಬೇಕೆ? ಸಾಕೇತ್ ಕೋರ್ಟಿನ ವಕೀಲರಂತೂ 2013ರ ಜನವರಿಯಲ್ಲಿ ಆರೋಪಿಗಳ ವಕಾಲತ್ತನ್ನೇ ಬಹಿಷ್ಕರಿಸಿದ್ದರು.

ಠಾಣೆಯ ಬಡತನ, ಮನೆಗೆ ಹೋಗಲಾಗದ ಸಿಬ್ಬಂದಿಯ ದಣಿವು ಸರಣಿಯಲ್ಲಿ ಎದ್ದು ಕಾಣುತ್ತವೆ. ಡಿಸಿಪಿ ವರ್ತಿಕಾ ಪಾತ್ರದಲ್ಲಿ ಶೆಫಾಲಿ ಶಾ ಆ ದಣಿವನ್ನು ಮುಖದಲ್ಲೇ ಹಿಡಿದಿಟ್ಟಿದ್ದಾರೆ. ಆದರೆ ಕ್ಯಾಮೆರಾ ಪೊಲೀಸರ ಬೆನ್ನಿಗೇ ಅಂಟಿಕೊಂಡಾಗ, ಪೊಲೀಸರನ್ನು ಪ್ರಶ್ನಿಸುವ ಸಂಸ್ಥೆಗೆ ಕಥೆಯಲ್ಲಿ ಜಾಗ ಉಳಿಯುವುದಿಲ್ಲ. ಬಂಧನಗಳು ಆರು ದಿನದೊಳಗೆ ಮುಗಿದಿದ್ದವು. ಗಲ್ಲು ಆದದ್ದು 2020ರ ಮಾರ್ಚ್ 20ರಂದು, ಸರಣಿ ಬಂದು ವರ್ಷವಾದ ಮೇಲೆ. 2022ರ ಎರಡನೇ ಸರಣಿ ಬೇರೊಂದು ಪ್ರಕರಣದ ತನಿಖೆಗೆ ಹೊರಳಿತು.