ಹೊಟ್ಟೆ ತಣ್ಣಗಿರಲಿ

‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂದರೆ ಹರಕೆ. ‘ಹೊಟ್ಟೆಗೆ ತಣ್ಣೀರುಬಟ್ಟೆಯೇ ಗತಿ’ ಎಂದರೆ ಉಪವಾಸ. ಒಂದರಲ್ಲಿ ಉಂಡವರ ನೆಮ್ಮದಿ, ಇನ್ನೊಂದರಲ್ಲಿ ಉಣ್ಣದವರ ಪಾಡು. ಆದರೆ ಎರಡರಲ್ಲೂ ಉರಿ ಬೇಡವಾದದ್ದು, ತಂಪು ಬೇಕಾದದ್ದು. ಬಿಸಿಲುನಾಡಿನ ಮಾತು, ಹಾಗಲ್ಲದೆ ಇನ್ನು ಹೇಗಿದ್ದೀತು?

ಬೇರು ‘ತಣ್’. ತಣ್ಪು ಹೋಗಿ ತಂಪಾಯಿತು, ಗಾಳಿಯನ್ನು ಕೂಡಿ ತಂಗಾಳಿಯಾಯಿತು. ಹಳಗನ್ನಡದಲ್ಲಿ ಚಂದ್ರನಿಗೇ ‘ತಣ್ಗದಿರ’ ಎಂಬ ಹೆಸರಿತ್ತು, ತಂಪು ಕಿರಣದವನು ಎಂದು. ತಮಿಳಿನಲ್ಲೂ ಇದೇ ಬೇರು. ಅಲ್ಲಿ ‘ತಣ್ಣೀರ್’ ಕ್ರಮೇಣ ಬರೀ ನೀರು ಎಂದಾಗಿ, ಬಿಸಿನೀರು ಬೇಕಾದರೆ ‘ಸುಡು ತಣ್ಣಿ’ ಎನ್ನುತ್ತಾರೆ. ಕನ್ನಡದ ತಣ್ಣೀರು ಮಾತ್ರ ಇನ್ನೂ ತಣ್ಣಗೇ ಇದೆ. ಅದಕ್ಕೇ ‘ತಣ್ಣೀರನ್ನೂ ಆರಿಸಿ ಕುಡಿ’ ಎಂಬ ಗಾದೆಯ ಕುಚೋದ್ಯ ನಮಗೆ ತಟ್ಟನೆ ಹತ್ತುತ್ತದೆ.

ಈ ಮನೆತನದಲ್ಲಿ ನನಗೆ ಅಚ್ಚುಮೆಚ್ಚಿನ ಮಾತು ತಂಗಳು. ತಣ್ ಮತ್ತು ಕೂಳು ಸೇರಿ ತಂಗೂಳು, ಅದೇ ಸವೆದು ತಂಗಳು ಎಂದು ಬಿಡಿಸುವುದುಂಟು. ಹಾಗೆ ನೋಡಿದರೆ ಪದದೊಳಗೆ ಹಳತು ಎಂಬ ಅರ್ಥವೇ ಇಲ್ಲ. ಬರೀ ಆರಿದ ಅನ್ನ. ಹಳಸಿದ್ದು ಬೇರೆ, ತಂಗಳು ಬೇರೆ. ರಾತ್ರಿ ಮಿಕ್ಕ ಅನ್ನಕ್ಕೆ ನೀರು ಹಾಕಿಟ್ಟು, ಬೆಳಿಗ್ಗೆ ಮಜ್ಜಿಗೆ ಬೆರೆಸಿ ಈರುಳ್ಳಿ, ಹಸಿಮೆಣಸಿನಕಾಯಿ ಕಚ್ಚಿಕೊಂಡು ಉಂಡು ಹೊಲಕ್ಕೆ ಹೋದವರು ಅದನ್ನು ಕೀಳಾಗಿ ಕಂಡಿರಲಾರರು. ಬಿಸಿಯೂಟ ಅಂತಸ್ತಿನ ಗುರುತಾದ ಮೇಲೆ ಪಾಪ, ತಂಗಳಿಗೆ ಕೆಟ್ಟ ಹೆಸರು ಬಂತು: ತಂಗಳು ಸುದ್ದಿ, ತಂಗಳು ವಿಚಾರ. ಫ್ರಿಜ್ಜಿಗೆ ‘ತಂಗಳು ಪೆಟ್ಟಿಗೆ’ ಎಂದು ಹೆಸರಿಟ್ಟವರು ಮಾತ್ರ ನಿಜವಾದ ಕನ್ನಡಿಗರು.

ತಣಿಯುವುದು ಎಂಬ ಕ್ರಿಯೆಯಲ್ಲಿ ತಂಪು ಮೈದಾಟಿ ಮನಸ್ಸಿಗೆ ಇಳಿಯುತ್ತದೆ. ಬಾಯಾರಿಕೆ ತಣಿಯುತ್ತದೆ, ಸಿಟ್ಟು ತಣಿಯುತ್ತದೆ, ಕಣ್ಣೂ ತಣಿಯುತ್ತದೆ. ‘ಮನದಣಿಯೆ ಹಾಡಿದರು’ ಎಂದು ಓದಿ, ಸುಸ್ತಾಗುವವರೆಗೆ ಹಾಡಿದರೆಂದು ತಿಳಿಯುವವರಿದ್ದಾರೆ. ಅದು ಮನ ತಣಿಯೆ. ಬೆಟ್ಟ ತಾವರೆ ಬೆಟ್ಟದಾವರೆ ಆದಂತೆ ತಕಾರ ದಕಾರವಾಗಿದೆ, ಅಷ್ಟೆ.

ಇನ್ನು ಅಡುಗೆಮನೆಯ ತಂಪು ಥರ್ಮಾಮೀಟರಿಗೆ ಸಿಗುವಂಥದ್ದಲ್ಲ. ಹೊಗೆಯಾಡುವ ರಾಗಿ ಅಂಬಲಿ ತಂಪು. ಫ್ರಿಜ್ಜಿನಲ್ಲಿ ರಾತ್ರಿಯಿಡೀ ಕೊರೆದ ಮಾವಿನಹಣ್ಣು ಉಷ್ಣ. ಮೆಂತ್ಯ ತಂಪು, ಹೆಸರುಬೇಳೆ ತಂಪು. ರಾಮನವಮಿಯ ಪಾನಕ, ಕೋಸಂಬರಿ ಚೈತ್ರದ ಬಿಸಿಲಿಗೆ ಹೇಳಿ ಮಾಡಿಸಿದ್ದು. ಮುಟ್ಟಿದರೆ ಹೇಗಿದೆ ಎಂಬುದು ಇಲ್ಲಿ ಲೆಕ್ಕಕ್ಕೇ ಇಲ್ಲ, ಒಳಗೆ ಹೋಗಿ ಏನು ಮಾಡುತ್ತದೆ ಎಂಬುದೇ ಮುಖ್ಯ. ಮೈ ಸುಡುತ್ತ ಬೊಕ್ಕೆ ಏಳುವ ಕಾಯಿಲೆಗೂ ಸೀತಾಳೆ ಸಿಡುಬು ಎಂದೇ ಹೆಸರು. ಶೀತಲೆ, ತಣ್ಣನೆಯ ತಾಯಿ. ಉರಿಯನ್ನು ಉರಿ ಎಂದು ಕರೆಯದೆ ತಂಪಿನ ಹೆಸರಿನಿಂದಲೇ ಸಮಾಧಾನ ಮಾಡುವ ಜಾಣತನವಿದು.

ಹಾಗಾದರೆ ಕೆಟ್ಟ ತಂಪಿಗೆ ಮಾತಿಲ್ಲವೇ? ಇದೆ, ಚಳಿ. ನಡುಕ, ಅಂಜಿಕೆ, ಜ್ವರ ಎಲ್ಲ ಅದರ ಪಾಲು. ಸಂಕೋಚ ಕಳೆದವನು ಮೈಚಳಿ ಬಿಟ್ಟವನು. ಸರಿಯಾಗಿ ಬೈದರೆ ಚಳಿ ಬಿಡಿಸಿದ ಹಾಗೆ. ‘ನಿನ್ನ ಹೊಟ್ಟೆಗೆ ಚಳಿಯಾಗಲಿ’ ಎಂದು ಯಾರೂ ಹರಸುವುದಿಲ್ಲ.

ಈ ಪಾಲುಪಟ್ಟಿಯನ್ನು ಕಲಸಿಟ್ಟದ್ದು ನಮ್ಮ ಪತ್ರಿಕೆಗಳು. ಹಿಮ ಬೀಳುವ ದೇಶಗಳ ನುಡಿಗಟ್ಟು ಹೊತ್ತು ತಂದು ‘ತಣ್ಣನೆಯ ಸ್ವಾಗತ’, ‘ತಣ್ಣನೆಯ ಕ್ರೌರ್ಯ’ ಎಂದು ಬರೆಯತೊಡಗಿದವು. 1945ರ ನಂತರದ ಅಮೆರಿಕ–ರಷ್ಯಾ ಹಗೆತನಕ್ಕೆ ‘ಶೀತಲ ಸಮರ’ ಎಂದು ಸಂಸ್ಕೃತದ ಪದ ಹೊಂದಿಸಿದವರಿಗೆ ಹೆಚ್ಚು ಕಿವಿಯಿತ್ತೆಂದು ತೋರುತ್ತದೆ. ಅದನ್ನೇ ‘ತಂಪು ಜಗಳ’ ಎಂದಿದ್ದರೆ, ಜಗಳ ಮುಗಿದು ಇಬ್ಬರೂ ಮಜ್ಜಿಗೆ ಕುಡಿದರೆಂದೇ ಹಳ್ಳಿಯವರು ತಿಳಿಯುತ್ತಿದ್ದರು.