ಪದ ಪರಿಚಯ: ಸೇವೆ

ಸಂಸ್ಕೃತದ ‘ಸೇವಾ’ ಕನ್ನಡದಲ್ಲಿ ‘ಸೇವೆ’ಯಾಗಿದೆ. ಮೂಲ ಧಾತು ‘ಸೇವ್’: ಬಳಿಯಲ್ಲಿರು, ಆಶ್ರಯಿಸು, ಉಪಚರಿಸು, ಸವಿ. ಔಷಧ ಸೇವನೆ, ವಾಯುಸೇವನೆಗಳೂ ಇದೇ ಬೇರಿನವು. ದೇವಸ್ಥಾನದಲ್ಲಿ ಸೇವೆಯೆಂದರೆ ಪೂಜೆ, ಹರಕೆ. ಸರ್ಕಾರಿ ಕಡತದಲ್ಲಿ ನೌಕರಿ.

ಕನ್ನಡ ಕ್ರೈಸ್ತರ ಮಾತಿನಲ್ಲಿ ಇದಕ್ಕೆ ಇನ್ನೊಂದು ಆಳವುಂಟು. ಹೊಸ ಒಡಂಬಡಿಕೆಯ ಗ್ರೀಕ್ ಪದ ‘ದಿಯಾಕೊನಿಯಾ’ಕ್ಕೆ ಇದು ಸಾಟಿಯಾಗಿ ನಿಂತಿತು, ಊಟಕ್ಕೆ ಬಡಿಸುವ ಕೆಲಸವೂ ಆ ಪದದ ಅರ್ಥವೇ. ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯದಲ್ಲಿ ಪೌಲನು ಫೊಯಿಬೆ ಎಂಬ ಮಹಿಳೆಯನ್ನು ಅದೇ ಕುಲದ ಪದದಿಂದ ಗೌರವಿಸುತ್ತಾನೆ.

‘ಅವಳು ಸೇವೆಗೆ ಬಂದಳು’ ಎಂದರೆ ಸಭೆಯ (ಚರ್ಚಿನ) ಕೆಲಸಕ್ಕೆ ಬದುಕನ್ನೇ ಒಪ್ಪಿಸಿದಳು ಎಂದರ್ಥ. ‘ಯುವಜನ ಸೇವೆ’ಯಲ್ಲಿರುವ ತರುಣಿ ಸಂಡೇ ಸ್ಕೂಲಿನಲ್ಲಿ ಕಲಿಸುತ್ತಾಳೆ, ರೋಗಿಗಳಿಗಾಗಿ ಪ್ರಾರ್ಥಿಸುತ್ತಾಳೆ, ಕೆಲಸ ಸಿಗದೆ ಕುಗ್ಗಿದ ಓರಗೆಯವರ ಮಾತಿಗೆ ಕಿವಿಗೊಡುತ್ತಾಳೆ. 2013ರಲ್ಲಿ ಪುಷ್ಪ ಲಲಿತಾ ದಕ್ಷಿಣ ಭಾರತ ಸಭೆಯ ಮೊದಲ ಮಹಿಳಾ ಬಿಷಪ್ ಆದರು; ಆ ದಾರಿ ಇಂದಿನ ಹುಡುಗಿಯರಿಗೂ ತೆರೆದಿದೆ. ತನ್ನ ಪೀಳಿಗೆಯನ್ನು ಮುಟ್ಟಬಯಸುವವಳು ಮೊದಲು ಅವರ ಬಳಿಯಲ್ಲಿರಬೇಕು. ಧಾತುವಿನ ಮೊದಲ ಅರ್ಥವೇ ಈ ಕೆಲಸದ ಮೊದಲ ಪಾಠ.